ಪೀಚ್ ಹಣ್ಣಿನ ಕಾಬ್ಲರ್: ಒಂದು ಪಾತ್ರೆ, ಎರಡು ಪಾಕ

ಓವನ್ನಿನಿಂದ ಆಗತಾನೆ ಹೊರತೆಗೆದ ಪಾತ್ರೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆಲ್ಲ ಹೊಂಬಣ್ಣಕ್ಕೆ ತಿರುಗಿ ಉಬ್ಬಿರುವ ಹಿಟ್ಟಿನ ಬಿಲ್ಲೆಗಳು. ಅವುಗಳ ಸಂದುಗಳಲ್ಲಿ ಪೀಚ್ ಹಣ್ಣಿನ ಕೆಂಪು ಮಿಶ್ರಿತ ಹಳದಿಯ ರಸ ಇಣುಕುತ್ತಿದೆ. ಪರಿಮಳ ಮನೆಯನ್ನೆಲ್ಲ ತುಂಬಿದೆ. ಮಾಡಿದವರು ತೃಪ್ತಿಯಿಂದ ಚಮಚವನ್ನು ಇಳಿಸಿ ಒಂದು ಬಿಲ್ಲೆಯನ್ನು ಮಗುಚುತ್ತಾರೆ. ಅದರ ತಳದಲ್ಲಿ ಹಸಿ ಹಿಟ್ಟಿನ ಬಿಳಿಯ ಅಂಟು ಪದರ! ಕೆಳಗಿನ ರಸವಾದರೋ ನೀರಿನಂತೆ ತೆಳ್ಳಗೆ ಹರಿಯುತ್ತಿದೆ. ಮೇಲೆ ಬೆಂದದ್ದು ಕೆಳಗೇಕೆ ಬೇಯಲಿಲ್ಲ? ಇನ್ನೂ ಹೆಚ್ಚು ಹೊತ್ತು ಬಿಟ್ಟಿದ್ದರೆ ಮೇಲ್ಭಾಗ ಸೀದುಹೋಗುತ್ತಿತ್ತಲ್ಲವೆ?

ಈ ಭಕ್ಷ್ಯದ ಹೆಸರು ಕಾಬ್ಲರ್. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಅದರಲ್ಲಿಯೂ ಅವುಗಳ ದಕ್ಷಿಣ ಭಾಗದ ಮನೆಗಳಲ್ಲಿ, ಬೇಸಗೆಯ ಹಣ್ಣುಗಳ ಕಾಲ ಬಂದಾಗ ಇದನ್ನು ಮಾಡುತ್ತಾರೆ. ತಳದಲ್ಲಿ ಸಕ್ಕರೆ ಬೆರೆಸಿದ ಹಣ್ಣಿನ ಹೋಳುಗಳು. ಅವುಗಳ ಮೇಲೆ ಮೈದಾಹಿಟ್ಟು, ಬೆಣ್ಣೆ, ಮಜ್ಜಿಗೆಗಳಿಂದ ಕಲಸಿದ ಹಿಟ್ಟಿನ ಹೊದಿಕೆ. ಇವೆರಡೂ ಒಂದೇ ಪಾತ್ರೆಯಲ್ಲಿ, ಒಂದೇ ಶಾಖದಲ್ಲಿ, ಏಕಕಾಲದಲ್ಲಿ ಬೇಯತಕ್ಕವು. ಸುಲಭವಾದ ತಿಂಡಿಯೆಂದು ಹೆಸರು ಪಡೆದ ಕಾಬ್ಲರಿನ ತೊಡಕೆಲ್ಲ ಇರುವುದು ಇಲ್ಲಿಯೇ. ಹಣ್ಣಿಗೆ ಬೇಕಾದದ್ದು ತನ್ನ ರಸದಲ್ಲಿಯೇ ಕುದಿಯುವ ಪಾಕ. ಹಿಟ್ಟಿಗೆ ಬೇಕಾದದ್ದು ಒಣ ಶಾಖದಲ್ಲಿ ಉಬ್ಬಿ ಗಟ್ಟಿಯಾಗುವ ಪಾಕ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ಈ ಎರಡು ಪಾಕಗಳನ್ನು ಹೊಂದಿಸುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಸಸ್ಯವಿಜ್ಞಾನ, ರಸಾಯನವಿಜ್ಞಾನ, ಭೌತವಿಜ್ಞಾನ ಈ ಮೂರರ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಕೆಂಡದ ನಡುವಿನ ಕಬ್ಬಿಣದ ಪಾತ್ರೆ

ಯೂರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ತಮ್ಮ ನಾಡಿನ ಹಣ್ಣಿನ ಕಡುಬುಗಳ ರುಚಿಯನ್ನು ಮರೆತಿರಲಿಲ್ಲ. ಆದರೆ ಅಂತಹ ಕಡುಬುಗಳಿಗೆ ಬೇಕಾದ ಇಟ್ಟಿಗೆಯ ಗೂಡೊಲೆ ಕಾಡಿನಂಚಿನ ಎಲ್ಲ ಗುಡಿಸಲುಗಳಲ್ಲಿಯೂ ಇರಲಿಲ್ಲ. ಅವರ ಬಳಿ ಇದ್ದದ್ದು ಎರಕದ ಕಬ್ಬಿಣದ ದಪ್ಪ ಪಾತ್ರೆ. ಅದಕ್ಕೆ ಮೂರು ಕಾಲುಗಳು, ಅಂಚು ಎತ್ತಿದ ಮುಚ್ಚಳ. ಕಾಲುಗಳ ಸಂದಿನಲ್ಲಿ ಕೆಂಡವನ್ನು ಹರಡಿ, ಮುಚ್ಚಳದ ಮೇಲೆಯೂ ಕೆಂಡವನ್ನು ಸುರಿದರೆ ಆ ಪಾತ್ರೆಯೇ ಒಂದು ಸಣ್ಣ ಓವನ್ ಆಗುತ್ತಿತ್ತು. ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ಉಪಾಯ ನಮ್ಮ ಹಿರಿಯರಿಗೂ ತಿಳಿಯದ್ದೇನಲ್ಲ.

1839ರಲ್ಲಿ ಲೆಟಿಸ್ ಬ್ರಯನ್ ಎಂಬಾಕೆ ಪ್ರಕಟಿಸಿದ ‘ದಿ ಕೆಂಟಕಿ ಹೌಸ್‌ವೈಫ್’ ಎಂಬ ಪಾಕಪುಸ್ತಕದಲ್ಲಿ ಪೀಚ್ ಹಣ್ಣಿನ ಇಂತಹ ಪಾತ್ರೆಗಡುಬನ್ನು ವರ್ಣಿಸಿ, ಅದಕ್ಕೆ ಕಾಬ್ಲರ್ ಎಂಬ ಹೆಸರೂ ರೂಢಿಯಲ್ಲಿದೆಯೆಂದು ಹೇಳಿದೆ. ಆ ಲೇಖಕಿ ಕೊಟ್ಟಿರುವ ಎರಡು ಸೂಚನೆಗಳು ಗಮನಾರ್ಹವಾದವು. ಬೆಂದು ಮುಗಿಯುವ ವೇಳೆಗೆ ಪಾತ್ರೆಯಲ್ಲಿ ರಸ ಬಹು ಸ್ವಲ್ಪವೇ ಉಳಿದಿರಬೇಕು ಎಂಬುದು ಒಂದು. ಆಗಾಗ ಮುಚ್ಚಳವನ್ನೆತ್ತಿ ಬೇಯುತ್ತಿರುವ ಬಗೆಯನ್ನು ನೋಡುತ್ತಿರಬೇಕು ಎಂಬುದು ಇನ್ನೊಂದು. ಉಷ್ಣಮಾಪಕವಾಗಲಿ ಗಡಿಯಾರವಾಗಲಿ ಅಡುಗೆಮನೆಯನ್ನು ಪ್ರವೇಶಿಸದ ಕಾಲದಲ್ಲಿಯೂ ರಸ ಮತ್ತು ಶಾಖ ಇವೆರಡೇ ಈ ಅಡುಗೆಯ ಮರ್ಮಗಳೆಂಬುದನ್ನು ಗೃಹಿಣಿಯರು ಅನುಭವದಿಂದ ಕಂಡುಕೊಂಡಿದ್ದರು.

ಚೀನದಿಂದ ಜಾರ್ಜಿಯಕ್ಕೆ

ಇನ್ನು ಹಣ್ಣಿನ ವಿಚಾರ. ಪೀಚ್ ಮರದ ಶಾಸ್ತ್ರೀಯ ನಾಮ ಪ್ರೂನಸ್ ಪರ್ಸಿಕ. ಬಾದಾಮಿ ಇದರ ಹತ್ತಿರದ ಬಂಧು. ಪರ್ಸಿಕ ಎಂದರೆ ಪರ್ಷಿಯ ದೇಶದ್ದು ಎಂದರ್ಥ. ಪರ್ಷಿಯದ ಮಾರ್ಗವಾಗಿ ತಮ್ಮ ಕೈಸೇರಿದ ಈ ಹಣ್ಣನ್ನು ರೋಮನರು ಪರ್ಷಿಯದ ಸೇಬೆಂದು ಕರೆದರು. ಆ ತಪ್ಪು ಹೆಸರೇ ಸಸ್ಯವಿಜ್ಞಾನದಲ್ಲಿಯೂ ಉಳಿಯಿತು. ಇದರ ನಿಜವಾದ ತವರು ಚೀನ. ಅಲ್ಲಿಯ ಜೆಜಿಯಾಂಗ್ ಪ್ರಾಂತದ ಪ್ರಾಚೀನ ನೆಲೆಗಳಲ್ಲಿ ಸುಮಾರು 8000 ವರ್ಷಗಳಷ್ಟು ಹಳೆಯದಾದ ಪೀಚ್ ವಾಟೆಗಳು ದೊರೆತಿವೆ.

ನಮ್ಮ ದೇಶಕ್ಕೂ ಈ ಹಣ್ಣು ಹಳೆಯ ಅತಿಥಿ. ಕ್ರಿ.ಶ. 7ನೆಯ ಶತಮಾನದಲ್ಲಿ ಭಾರತವನ್ನು ಸಂಚರಿಸಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಪಂಜಾಬಿನ ಚೀನಭುಕ್ತಿ ಎಂಬ ಪ್ರದೇಶದ ಕಥೆಯನ್ನು ಹೇಳುತ್ತಾನೆ. ಕನಿಷ್ಕನ ಕಾಲದಲ್ಲಿ ಒತ್ತೆಯಾಗಿ ಬಂದು ಅಲ್ಲಿ ತಂಗಿದ್ದ ಚೀನದ ಕಡೆಯವರು ಈ ಹಣ್ಣನ್ನು ತಂದರೆಂದೂ, ಅದರಿಂದ ಇಲ್ಲಿಯ ಜನ ಪೀಚ್ ಹಣ್ಣನ್ನು ‘ಚೀನಾನಿ’ ಎಂದು, ಅದರೊಡನೆ ಬಂದ ಪೇರ್ ಹಣ್ಣನ್ನು ‘ಚೀನರಾಜಪುತ್ರ’ ಎಂದು ಕರೆಯುತ್ತಿದ್ದರೆಂದೂ ಅವನ ವರದಿ.

ಅಮೆರಿಕಕ್ಕೆ ಪೀಚನ್ನು ಒಯ್ದವರು 16ನೆಯ ಶತಮಾನದ ಸ್ಪೇನಿನವರು. ಆದರೆ ಅದನ್ನು ಒಳನಾಡಿನಲ್ಲೆಲ್ಲ ಹರಡಿದವರು ಆ ನೆಲದ ಮೂಲನಿವಾಸಿಗಳು. 1870ರ ದಶಕದಲ್ಲಿ ಜಾರ್ಜಿಯ ಸಂಸ್ಥಾನದ ಮಾರ್ಷಲ್‌ವಿಲ್ ಎಂಬ ಊರಿನ ಸ್ಯಾಮ್ಯುಯೆಲ್ ರಂಫ್ ಎಂಬ ತೋಟಗಾರನು ಹಳದಿ ತಿರುಳಿನ, ದೂರದ ಪ್ರಯಾಣವನ್ನು ಸಹಿಸಬಲ್ಲ ತಳಿಯೊಂದನ್ನು ಬೆಳೆಸಿ ಅದಕ್ಕೆ ತನ್ನ ಪತ್ನಿಯ ಹೆಸರಾದ ಎಲ್ಬರ್ಟ ಎಂಬುದನ್ನೇ ಇಟ್ಟನು. ಮಂಜುಗಡ್ಡೆಯಿಂದ ತಂಪಾಗಿರಿಸಿದ ಪೆಟ್ಟಿಗೆಗಳಲ್ಲಿ ಹಣ್ಣನ್ನು ಉತ್ತರದ ನಗರಗಳಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿದನು. ಕ್ಯಾಲಿಫೋರ್ನಿಯವು ಪೀಚಿನ ಬೆಳೆಯಲ್ಲಿ ಬಹಳ ಮುಂದೆ ಹೋಗಿದ್ದರೂ ‘ಪೀಚ್ ಸಂಸ್ಥಾನ’ ಎಂಬ ಬಿರುದು ಮಾತ್ರ ಇಂದಿಗೂ ಜಾರ್ಜಿಯಕ್ಕೇ ಸಲ್ಲುತ್ತದೆ.

ಚಳಿಯನ್ನು ಎಣಿಸುವ ಮರ

ಬಿಸಿಯೊಲೆಯಲ್ಲಿ ಹುಟ್ಟುವ ಈ ತಿಂಡಿಯ ಭವಿಷ್ಯ ಚಳಿಯನ್ನು ನೆಮ್ಮಿದೆಯೆಂದರೆ ಆಶ್ಚರ್ಯವಾಗಬಹುದು. ಪೀಚ್ ಮರವು ಚಳಿಗಾಲದಲ್ಲಿ ಎಲೆಯುದುರಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ಅದರ ಮೊಗ್ಗುಗಳು ಎಚ್ಚರಗೊಳ್ಳಬೇಕಾದರೆ ಸುಮಾರು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ತಂಪಿನಲ್ಲಿ ಇಂತಿಷ್ಟು ಗಂಟೆಗಳನ್ನು ಅವು ಕಳೆದಿರಬೇಕು. ಜಾರ್ಜಿಯದಲ್ಲಿ ಬೆಳೆಯುವ ಅನೇಕ ತಳಿಗಳಿಗೆ ಈ ಲೆಕ್ಕ 600ರಿಂದ 1000 ಗಂಟೆ. ಲೆಕ್ಕ ತುಂಬದಿದ್ದರೆ ಹೂವು ಒಂದೇ ಸಲ ಅರಳದೆ, ಕಾಯಿ ಸರಿಯಾಗಿ ಕಚ್ಚದೆ ಹೋಗುತ್ತದೆ. ಚಳಿಗಾಲದ ಕೊನೆಯಲ್ಲಿ ಬಿಸಿಲು ಬೇಗ ಏರಿದರೆ ಇನ್ನೊಂದು ಅಪಾಯ. ಮರ ಅವಧಿಗೆ ಮುಂಚೆ ಹೂಬಿಡುತ್ತದೆ. ಅನಂತರ ಬೀಳುವ ಒಂದು ರಾತ್ರಿಯ ಹಿಮ ಆ ಹೂವುಗಳನ್ನೆಲ್ಲ ಸುಟ್ಟುಬಿಡುತ್ತದೆ.

ಇದು ಕೇವಲ ಊಹೆಯಲ್ಲ. 2023ರಲ್ಲಿ ಜಾರ್ಜಿಯದಲ್ಲಿ ಚಳಿಗಾಲ ಬೆಚ್ಚಗೆ ಕಳೆದು, ಅದರ ಬೆನ್ನಿಗೇ ಮಾರ್ಚಿಯಲ್ಲಿ ಹಿಮ ಬಿದ್ದುದರಿಂದ ಪೀಚ್ ಬೆಳೆಯ ಶೇಕಡ 90ಕ್ಕಿಂತ ಹೆಚ್ಚು ಭಾಗ ನಾಶವಾಯಿತು. ಭೂಮಿಯ ಹವೆ ಬಿಸಿಯಾಗುತ್ತ ಬಂದಂತೆ ಇಂತಹ ವರ್ಷಗಳ ಭಯವೂ ಹೆಚ್ಚುತ್ತಿದೆ. ಆದ್ದರಿಂದ ಕಡಮೆ ಚಳಿಯಲ್ಲಿ ಫಲಬಿಡುವ ತಳಿಗಳನ್ನು ಬೆಳೆಸುವುದು ತಳಿವಿಜ್ಞಾನಿಗಳ ಮುಖ್ಯ ಕೆಲಸವಾಗಿದೆ. ಫ್ಲಾರಿಡದಲ್ಲಿ ಸಿದ್ಧವಾದ ಅಂತಹ ತಳಿಗಳು ನಮ್ಮ ಪಂಜಾಬಿನ ಬಯಲಿಗೂ ಬಂದು, ಹಿಮಾಲಯದ ತಪ್ಪಲಿಗಷ್ಟೇ ಸೀಮಿತವಾಗಿದ್ದ ಹಣ್ಣನ್ನು ಕೆಳಕ್ಕಿಳಿಸಿದವು. ದಕ್ಷಿಣದಲ್ಲಿ ನೀಲಗಿರಿಯಂತಹ ಎತ್ತರದ ಬೆಟ್ಟಗಳಲ್ಲಿ ಮಾತ್ರ ಪೀಚಿಗೆ ಬೇಕಾದ ತಂಪು ದೊರೆಯುತ್ತದೆ.

ಹಣ್ಣು ನೀರು ಬಿಡುವುದೇಕೆ?

ಪೀಚ್ ಮಾವಿನಂತೆಯೇ ವಾಟೆಯುಳ್ಳ ಹಣ್ಣು. ವಾಟೆ ತಿರುಳಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಜಾತಿ ಒಂದು, ಹೋಳು ಮಾಡಿದೊಡನೆ ಕಳಚಿಬರುವ ಜಾತಿ ಇನ್ನೊಂದು. ಮೊದಲನೆಯದರ ತಿರುಳು ಬೇಯಿಸಿದರೂ ಕರಗದೆ ನಿಲ್ಲುತ್ತದೆ. ಎರಡನೆಯದನ್ನು ಹೆಚ್ಚುವುದು ಸುಲಭ. ಎಲ್ಬರ್ಟ ಈ ಗುಂಪಿಗೆ ಸೇರಿದ್ದು. ಕಿತ್ತ ಮೇಲೂ ಪೀಚ್ ಮೆತ್ತಗಾಗುತ್ತದೆ, ಪರಿಮಳವೂ ಏರುತ್ತದೆ; ಆದರೆ ಬಾಳೆಯ ಕಾಯಿಯಂತೆ ತನ್ನೊಳಗೆ ಪಿಷ್ಟವನ್ನು ಕೂಡಿಟ್ಟುಕೊಂಡಿರುವುದಿಲ್ಲವಾದ್ದರಿಂದ ಅದರ ಸಿಹಿ ಹೆಚ್ಚುವುದಿಲ್ಲ. ಹಸಿಗಾಯಿಯನ್ನು ತಂದು ಮನೆಯಲ್ಲಿ ಸಿಹಿಯಾಗಿಸುವ ಆಸೆ ವ್ಯರ್ಥ. ವಾಟೆಯೊಳಗಿನ ಬೀಜವನ್ನು ಮಾತ್ರ ಎಸೆಯತಕ್ಕದ್ದು. ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತು ಹೊಟ್ಟೆಯಲ್ಲಿ ಒಡೆದಾಗ ವಿಷವಾದ ಸಯನೈಡ್ ಹುಟ್ಟುತ್ತದೆ.

ತಿರುಳಿನ ತೂಕದಲ್ಲಿ ನೂರಕ್ಕೆ 88ರಷ್ಟು ನೀರೇ. ಈ ನೀರು ಕೋಟಿಗಟ್ಟಲೆ ಜೀವಕೋಶಗಳಲ್ಲಿ ಹಂಚಿಹೋಗಿದೆ. ಹೋಳುಗಳ ಮೇಲೆ ಸಕ್ಕರೆಯನ್ನು ಉದುರಿಸಿ ಅರ್ಧ ಗಂಟೆ ಬಿಟ್ಟರೆ ಬಟ್ಟಲಿನ ತಳದಲ್ಲಿ ರಸ ನಿಲ್ಲುತ್ತದೆ. ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿದ ಮಾವಿನ ಹೋಳು ನೀರುಬಿಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹೊರಗಿನ ಸಕ್ಕರೆಯ ಪಾಕವು ಕೋಶದೊಳಗಿನ ರಸಕ್ಕಿಂತ ಸಾಂದ್ರವಾಗಿರುವುದರಿಂದ ನೀರು ಕೋಶದ ಪೊರೆಯನ್ನು ದಾಟಿ ಹೊರಬರುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಉಳಿದ ನೀರು ಶಾಖ ತಗುಲಿದಾಗ ಬಿಡುಗಡೆಯಾಗುತ್ತದೆ. ಆಗ ಕೋಶಗಳ ಪೊರೆಗಳು ಹರಿಯುತ್ತವೆ; ಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ಪೆಕ್ಟಿನ್ ಎಂಬ ಅಂಟುವಸ್ತು ಕರಗುತ್ತದೆ; ಹೋಳು ಮೃದುವಾಗುತ್ತದೆ. ಹಣ್ಣನ್ನು ಅರ್ಧ ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸರಾಗವಾಗಿ ಜಾರಿಬರುವುದೂ ಸಿಪ್ಪೆಯಡಿಯ ಪದರ ಹೀಗೆ ಸಡಿಲವಾಗುವುದರಿಂದಲೇ.

ಹೆಚ್ಚಿದ ಹೋಳು ಗಾಳಿಯಲ್ಲಿ ಕಂದುಬಣ್ಣಕ್ಕೆ ತಿರುಗುವುದನ್ನು ನೀವು ಸೇಬಿನಲ್ಲಿ ನೋಡಿರಬಹುದು. ಕೋಶಗಳು ಒಡೆದಾಗ ಒಂದು ಕಿಣ್ವವು ಗಾಳಿಯ ಆಮ್ಲಜನಕವನ್ನು ಹಣ್ಣಿನ ಕೆಲವು ವಸ್ತುಗಳೊಡನೆ ಸೇರಿಸುತ್ತದೆ. ನಿಂಬೆರಸದ ಆಮ್ಲ ಈ ಕಿಣ್ವದ ಕೈಕಟ್ಟುತ್ತದೆ. ಹಣ್ಣಿನ ಸಿಹಿಗೆ ಹುಳಿಯ ಹದವನ್ನೂ ಕೂಡಿಸುತ್ತದೆ.

ರಸ ಗಟ್ಟಿಯಾಗುವ ಬಗೆ

ಒಂದು ಕಿಲೋಗ್ರಾಂ ಹಣ್ಣು ಬಿಟ್ಟ ರಸವೆಲ್ಲ ನೀರಾಗಿಯೇ ನಿಂತರೆ ಕಾಬ್ಲರ್ ಪಾನಕವಾದೀತು. ಆದ್ದರಿಂದ ಹೋಳುಗಳಿಗೆ ಸ್ವಲ್ಪ ಮೆಕ್ಕೆಜೋಳದ ಪಿಷ್ಟವನ್ನು, ಅಂದರೆ ಅಂಗಡಿಗಳಲ್ಲಿ ಕಾರ್ನ್ ಫ್ಲೋರ್ ಎಂದು ದೊರೆಯುವ ಬಿಳಿಯ ಪುಡಿಯನ್ನು, ಬೆರೆಸುವುದುಂಟು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗದೆ ತಳಕ್ಕಿಳಿಯುತ್ತವೆ. ಸುಮಾರು 65 ಡಿಗ್ರಿಯಲ್ಲಿ ಅವು ನೀರನ್ನು ಹೀರಿ ಉಬ್ಬತೊಡಗುತ್ತವೆ. ಆದರೆ ರಸ ಪೂರ್ಣವಾಗಿ ಗಟ್ಟಿಯಾಗಬೇಕಾದರೆ ಉಷ್ಣತೆ 95 ಡಿಗ್ರಿಯ ಸಮೀಪಕ್ಕೆ ಏರಲೇಬೇಕು. ಸಕ್ಕರೆಯೂ ನೀರಿಗಾಗಿ ಪಿಷ್ಟದೊಡನೆ ಸ್ಪರ್ಧಿಸುವುದರಿಂದ ಉಬ್ಬುವಿಕೆ ಇನ್ನೂ ತಡವಾಗುತ್ತದೆ.

ಇದರಿಂದ ಒಂದು ಮುಖ್ಯವಾದ ನಿಯಮ ದೊರೆಯಿತು: ರಸ ಕುದಿಯದೆ ಗಟ್ಟಿಯಾಗದು. ಅಂಚಿನಲ್ಲಿ ಗುಳ್ಳೆಗಳೆದ್ದರೆ ಸಾಲದು. ಪಾತ್ರೆಯ ಅಂಚು ಮೊದಲು ಬಿಸಿಯಾಗುವುದರಿಂದ ಅಲ್ಲಿ ಕುದಿ ಬಂದಾಗಲೂ ನಡುಭಾಗ ಇನ್ನೂ ಹಿಂದುಳಿದಿರುತ್ತದೆ. ನಡುವಿನಲ್ಲಿಯೂ ಗುಳ್ಳೆಗಳು ಏಳಬೇಕು. ಆ ಗುಳ್ಳೆಗಳು ನೀರಿನ ಗುಳ್ಳೆಗಳಂತೆ ಚಟಪಟನೆ ಒಡೆಯದೆ, ಅಂಬಲಿ ಕುದಿಯುವಾಗಿನಂತೆ ನಿಧಾನವಾಗಿ ಉಬ್ಬಿ ಒಡೆಯಬೇಕು. ಪಿಷ್ಟ ತನ್ನ ಕೆಲಸವನ್ನು ಮುಗಿಸಿದೆಯೆಂಬುದಕ್ಕೆ ಇದೇ ಕುರುಹು.

ಹಿಟ್ಟು ಉಬ್ಬುವ ಬಗೆ

ಈಗ ಮೇಲಿನ ಹೊದಿಕೆಯನ್ನು ನೋಡೋಣ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿಗೆ ಗಂಟೆಗಟ್ಟಲೆ ಕಾಲ ಬೇಕು. ಅಷ್ಟು ಹೊತ್ತು ಹಿಟ್ಟು ಹಣ್ಣಿನ ಮೇಲೆ ಕುಳಿತರೆ ರಸದಲ್ಲಿ ನೆನೆದುಹೋಗುತ್ತದೆ. ಇಲ್ಲಿ ಬೇಕಾದದ್ದು ನಿಮಿಷಗಳಲ್ಲಿ ವಾಯುವನ್ನು ಹುಟ್ಟಿಸುವ ಸಾಧನ. ಅಡುಗೆ ಸೋಡ ಆಮ್ಲದೊಡನೆ ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹುಳಿ ಮಜ್ಜಿಗೆಗೆ ಸೋಡ ಹಾಕಿದೊಡನೆ ನೊರೆಯೇಳುವುದೂ ಇದರಿಂದಲೇ. ಆದರೆ ಮಜ್ಜಿಗೆಯ ಹುಳಿ ದಿನಕ್ಕೊಂದು ಬಗೆ. ಸೋಡ ಹೆಚ್ಚಾದರೆ, ಆಮ್ಲ ದೊರೆಯದೆ ಉಳಿದ ಭಾಗ ಶಾಖದಲ್ಲಿ ಸೋಡಿಯಂ ಕಾರ್ಬೊನೇಟ್ ಆಗಿ ತಿಂಡಿಗೆ ಸಾಬೂನಿನ ರುಚಿಯನ್ನು ತರುತ್ತದೆ.

ಈ ಅನಿಶ್ಚಯವನ್ನು ಹೋಗಲಾಡಿಸಲು ಸೋಡವನ್ನೂ ಅದಕ್ಕೆ ಸರಿದೂಗುವ ಒಣ ಆಮ್ಲವನ್ನೂ ಒಂದೇ ಪುಡಿಯಾಗಿ ಬೆರೆಸುವ ಯೋಚನೆ ಹೊರಟಿತು. 1843ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬಾತನು ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಇಂತಹದೊಂದು ಪುಡಿಯನ್ನು ಸಿದ್ಧಪಡಿಸಿದನು. 1856ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಬೆನ್ ಹಾರ್ಸ್‌ಫರ್ಡ್ ಕ್ಯಾಲ್ಸಿಯಂ ಫಾಸ್ಫೇಟಿನ ಆಮ್ಲಲವಣವನ್ನು ಈ ಕೆಲಸಕ್ಕೆ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅವನು ಪ್ರಸಿದ್ಧ ಜರ್ಮನ್ ರಸಾಯನವಿಜ್ಞಾನಿ ಲೀಬಿಗ್‌ನ ಶಿಷ್ಯ. ಇಂದು ಬಳಕೆಯಲ್ಲಿರುವ ಬೇಕಿಂಗ್ ಪೌಡರುಗಳಲ್ಲಿ ಅನೇಕವು ಎರಡು ಹಂತಗಳಲ್ಲಿ ಕೆಲಸ ಮಾಡುತ್ತವೆ: ಹಿಟ್ಟು ಒದ್ದೆಯಾದಾಗ ಸ್ವಲ್ಪ ವಾಯು, ಶಾಖ ತಗುಲಿದಾಗ ಉಳಿದದ್ದು. ಒಂದು ಟೀ ಚಮಚದ ಪುಡಿ, ಎಂದರೆ ಸುಮಾರು 4 ಗ್ರಾಂ, ತನ್ನ ತೂಕದಲ್ಲಿ ಶೇಕಡ 12ರಷ್ಟು ವಾಯುವನ್ನು ಬಿಟ್ಟರೆ ಅದರ ಗಾತ್ರ ಸಾಧಾರಣ ಉಷ್ಣತೆಯಲ್ಲಿಯೇ ಕಾಲು ಲೀಟರನ್ನು ಮೀರುತ್ತದೆ.

ವಾಯು ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡಬೇಕು. ಗೋಧಿಯ ಸಸಾರಜನಕಗಳು ನೀರಿನೊಡನೆ ಕೂಡಿ ಗ್ಲೂಟೆನ್ ಎಂಬ ಜಾಲವನ್ನು ಹೆಣೆಯುತ್ತವೆ. ಚಪಾತಿಯ ಹಿಟ್ಟನ್ನು ನಾದಿದಷ್ಟೂ ಅದು ಎಳೆದರೆ ಬರುವಂತಾಗುವುದು ಈ ಜಾಲದಿಂದಲೇ. ಕಾಬ್ಲರಿಗೆ ಈ ಜಾಲ ಸ್ವಲ್ಪವೇ ಬೇಕು. ಹೆಚ್ಚಾದರೆ ಹೊದಿಕೆ ಗಡುಸಾಗುತ್ತದೆ. ಆದ್ದರಿಂದ ಮೊದಲು ತಣ್ಣನೆಯ ಬೆಣ್ಣೆಯನ್ನು ಹಿಟ್ಟಿಗೆ ಬೆರಳತುದಿಯಿಂದ ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಗಳನ್ನು ಲೇಪಿಸಿ ನೀರನ್ನು ದೂರವಿಡುತ್ತದೆ. ಅನಂತರ ಮಜ್ಜಿಗೆಯನ್ನು ಸುರಿದು, ನಾದದೆ, ಒಟ್ಟುಗೂಡುವಷ್ಟು ಮಾತ್ರ ಕಲಸುತ್ತಾರೆ. ಅಲ್ಲಲ್ಲಿ ಉಳಿದ ಬೆಣ್ಣೆಯ ಚೂರುಗಳು ಶಾಖದಲ್ಲಿ ಕರಗಿದಾಗ ಅವುಗಳಲ್ಲಿದ್ದ ನೀರು ಹಬೆಯಾಗುತ್ತದೆ. ಹಬೆಯಾದ ನೀರಿನ ಗಾತ್ರ ಸುಮಾರು 1600 ಪಟ್ಟು ಹೆಚ್ಚುವುದರಿಂದ ಹೊದಿಕೆ ಇನ್ನಷ್ಟು ಹಗುರವಾಗುತ್ತದೆ.

ಹೊಂಬಣ್ಣದ ಮೋಸ

ಈಗ ನಾವು ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಹಿಟ್ಟಿನ ಮೇಲ್ಮೈ ಓವನ್ನಿನ 200 ಡಿಗ್ರಿಯ ಬಿಸಿಗಾಳಿಗೆ ಒಡ್ಡಿಕೊಂಡಿದೆ. ಅಲ್ಲಿಯ ನೀರು ಬೇಗನೆ ಆರಿಹೋಗಿ ಉಷ್ಣತೆ 140 ಡಿಗ್ರಿಯನ್ನು ದಾಟುತ್ತದೆ. ಆಗ ಸಸಾರಜನಕದ ಘಟಕಗಳಾದ ಅಮೈನೊ ಆಮ್ಲಗಳೂ ಶರ್ಕರಗಳೂ ಕೂಡಿ ಹೊಂಬಣ್ಣವನ್ನೂ ನೂರಾರು ಪರಿಮಳದ್ರವ್ಯಗಳನ್ನೂ ಹುಟ್ಟಿಸುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವರ್ಣಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್‌ನ ಹೆಸರೇ ಅದಕ್ಕೆ ನಿಂತಿದೆ. ಬ್ರೆಡ್ಡಿನ ಮೇಲ್ಪದರ, ಹೆಂಚಿನ ಮೇಲಿನ ದೋಸೆ, ಹುರಿದ ಕಾಫಿಬೀಜ ಇವೆಲ್ಲವುಗಳ ಬಣ್ಣಕ್ಕೆ ಇದು ಮುಖ್ಯ ಕಾರಣ.

ಹಿಟ್ಟಿನ ತಳದ ಸ್ಥಿತಿಯೇ ಬೇರೆ. ಅದು ಒದ್ದೆಯಾದ ಹಣ್ಣಿನ ಮೇಲೆ ಕುಳಿತಿದೆ. ನೀರಿರುವ ತನಕ ಅಲ್ಲಿಯ ಉಷ್ಣತೆ 100 ಡಿಗ್ರಿಯ ಆಸುಪಾಸನ್ನು ಮೀರದು. ಅಷ್ಟೇ ಅಲ್ಲ, ಹಣ್ಣು ತಣ್ಣಗಿದ್ದರೆ ಅದು ಹಿಟ್ಟಿನಿಂದಲೂ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಂದು ಕಿಲೋಗ್ರಾಂ ಹಣ್ಣನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು 60 ಕಿಲೊಕ್ಯಾಲರಿಗಿಂತಲೂ ಹೆಚ್ಚು ಶಾಖ ಬೇಕು; ಬಿಸಿಗಾಳಿಯಿಂದ ಅಷ್ಟನ್ನು ಪಡೆಯಲು ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಈ ಅವಧಿಯಲ್ಲಿ ಹಿಟ್ಟಿನ ತಳ ಬೆಚ್ಚಗಾಗುತ್ತದೆಯೇ ಹೊರತು ಬೇಯುವುದಿಲ್ಲ. ರಸ ಅದರೊಳಕ್ಕೆ ಇಂಗುತ್ತದೆ. ಅಲ್ಲಿ ಹುಟ್ಟಿದ ವಾಯು ಗಟ್ಟಿಯಾದ ಗೋಡೆಗಳಿಲ್ಲದೆ ಸೋರಿಹೋಗುತ್ತದೆ. ಮೇಲೆ ಮಾತ್ರ ಹೊಂಬಣ್ಣ ಬಂದುಬಿಡುತ್ತದೆ. ಮೇಲಿನ ಬಣ್ಣ ಮೇಲಿನ ವಾರ್ತೆಯನ್ನಷ್ಟೇ ಹೇಳಬಲ್ಲದು; ಕೆಳಗಿನ ವಾರ್ತೆ ಅದಕ್ಕೆ ತಿಳಿಯದು.

ಪರಿಹಾರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಇಡ್ಲಿ ಮಾಡುವವರು ನೀರು ಕುದಿದು ಹಬೆ ತುಂಬಿದ ಮೇಲೆಯೇ ತಟ್ಟೆಗಳನ್ನು ಒಳಗಿಡುತ್ತಾರೆ. ತಣ್ಣೀರಿನ ಮೇಲೆ ಇಟ್ಟು ನಿಧಾನವಾಗಿ ಬಿಸಿಮಾಡಿದರೆ ಇಡ್ಲಿ ಕೂತುಬಿಡುತ್ತದೆಂದು ಅವರಿಗೆ ಗೊತ್ತು. ಕಾಬ್ಲರಿನ ಬಿಲ್ಲೆ ಮೇಲ್ಭಾಗದಲ್ಲಿ ಬ್ರೆಡ್ಡು, ತಳಭಾಗದಲ್ಲಿ ಇಡ್ಲಿ! ತಳ ಬೇಯಬೇಕಾದದ್ದು ಹಣ್ಣಿನ ಹಬೆಯಲ್ಲಿ. ಆದ್ದರಿಂದ ಹಣ್ಣನ್ನು ಮೊದಲು ಕುದಿಯ ಹತ್ತಿರಕ್ಕೆ ತಂದು, ಆ ಬಿಸಿಯ ಮೇಲೆಯೇ ಹಿಟ್ಟನ್ನು ಹಾಕಬೇಕು. ಹಾಕಿದ ಕ್ಷಣವೇ ತಳದ ಪಿಷ್ಟವೂ ಗ್ಲೂಟೆನ್ನೂ ಗಟ್ಟಿಯಾಗತೊಡಗಿ, ವಾಯುವನ್ನು ಹಿಡಿದು, ರಸಕ್ಕೆ ತಡೆಯೊಡ್ಡುತ್ತವೆ. ಹೀಗೆ ಎರಡು ಪಾಕಗಳೂ ಒಟ್ಟಿಗೆ ಮುಗಿಯಬೇಕಾದರೆ ಅವು ಒಟ್ಟಿಗೆ ಮೊದಲಾಗಬಾರದು.

ಮಾಡುವ ಕ್ರಮ

ಆರೇಳು ಮಂದಿಗೆ ಒಂದು ಕಿಲೋಗ್ರಾಂ ಮಾಗಿದ ಪೀಚ್ ಹಣ್ಣು ಸಾಕು. ಸಿಪ್ಪೆ ಸುಲಿದು, ವಾಟೆ ತೆಗೆದು, ಬೆರಳಗಲದ ಹೋಳುಗಳನ್ನು ಮಾಡಬೇಕು. 100 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, 15 ಗ್ರಾಂ ಮೆಕ್ಕೆಜೋಳದ ಪಿಷ್ಟ, ಒಂದು ಚಿಟಿಕೆ ಉಪ್ಪು ಇವನ್ನು ಬೆರೆಸಿ ಗಾಜಿನ ಅಥವಾ ಪಿಂಗಾಣಿಯ ಓವನ್ ಪಾತ್ರೆಯಲ್ಲಿ ಹರಡಿ, 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ ಇಡಬೇಕು. ಅಂಚಿನಲ್ಲಿ ಗುಳ್ಳೆಗಳು ಕಾಣಿಸಿಕೊಳ್ಳುವ ತನಕ, ಸಾಮಾನ್ಯವಾಗಿ 15ರಿಂದ 20 ನಿಮಿಷ, ಬಿಡಬೇಕು.

ಅಷ್ಟರಲ್ಲಿ 190 ಗ್ರಾಂ ಮೈದಾಹಿಟ್ಟು, 50 ಗ್ರಾಂ ಸಕ್ಕರೆ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡ, ಅರ್ಧ ಟೀ ಚಮಚ ಉಪ್ಪು ಇವನ್ನು ಕೂಡಿಸಿ, 85 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಉಜ್ಜಿ ಸಿದ್ಧವಾಗಿಟ್ಟುಕೊಳ್ಳಬೇಕು. ಹಣ್ಣು ಬಿಸಿಯಾದ ಮೇಲೆಯೇ 150 ಮಿಲಿಲೀಟರ್ ಗಟ್ಟಿ ಮಜ್ಜಿಗೆಯನ್ನು ಹಿಟ್ಟಿಗೆ ಸೇರಿಸತಕ್ಕದ್ದು. ಮೊದಲೇ ಸೇರಿಸಿದರೆ ವಾಯು ವ್ಯರ್ಥವಾಗಿ ಹೋಗುತ್ತದೆ. ಕಲಸಿದೊಡನೆ ಚಮಚದಿಂದ ಬಿಲ್ಲೆ ಬಿಲ್ಲೆಯಾಗಿ ಹಣ್ಣಿನ ಮೇಲೆ ಇಳಿಸಬೇಕು. ನಡುವೆ ಸಂದುಗಳಿರಲಿ, ಹೆಚ್ಚಿನ ಹಬೆ ಹೊರಹೋಗಿ ರಸ ಸಾಂದ್ರವಾಗಲು ಅವೇ ದಾರಿ.

ಮತ್ತೆ 30ರಿಂದ 35 ನಿಮಿಷ ಬೇಯಿಸಿ ಮೂರು ಪರೀಕ್ಷೆಗಳನ್ನು ಮಾಡಬೇಕು. ಮೇಲ್ಭಾಗಕ್ಕೆ ಹೊಂಬಣ್ಣ ಬಂದಿದೆಯೆ? ಪಾತ್ರೆಯ ನಡುವಿನಲ್ಲಿಯೂ ಮಂದವಾದ ಗುಳ್ಳೆಗಳು ಏಳುತ್ತಿವೆಯೆ? ನಡುವಿನ ಬಿಲ್ಲೆಯೊಂದನ್ನು ಚಮಚದಿಂದ ಮೆಲ್ಲನೆ ಎತ್ತಿ ನೋಡಿದರೆ ಅದರ ತಳ ಬ್ರೆಡ್ಡಿನ ಒಳಭಾಗದಂತಿದೆಯೆ? ಉಷ್ಣಮಾಪಕವಿದ್ದರೆ ಬಿಲ್ಲೆಯ ನಡುವಿನಲ್ಲಿ ಸುಮಾರು 95 ಡಿಗ್ರಿ ತೋರಬೇಕು. ಬಣ್ಣ ಬೇಗ ಬಂದು ಉಳಿದೆರಡು ಹಿಂದುಳಿದಿದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ ಮುಂದುವರಿಸಬಹುದು. ಹೊರತೆಗೆದ ಮೇಲೆ ಅರ್ಧ ಗಂಟೆಯಾದರೂ ಕಾಯಬೇಕು. ಗಂಜಿ ಆರುತ್ತ ಹೆಪ್ಪುಗಟ್ಟುವಂತೆ ಪಿಷ್ಟದ ಪಾಕವೂ ತಣಿದಾಗಲೇ ಪೂರ್ಣವಾಗಿ ನಿಲ್ಲುತ್ತದೆ.

ಒಂದು ಪ್ರಯೋಗ

ಇಷ್ಟನ್ನೂ ಓದಿ ನಂಬಬೇಕೆಂದಿಲ್ಲ, ಪರೀಕ್ಷಿಸಿ ನೋಡಬಹುದು. ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಒಂದೇ ಅಳತೆಯ ಎರಡು ಓವನ್ ಬಟ್ಟಲುಗಳನ್ನು ತೆಗೆದುಕೊಳ್ಳಿ. ಎರಡಕ್ಕೂ ಒಂದೇ ತೂಕದ ಹಣ್ಣು. ಒಂದನ್ನು ಗುಳ್ಳೆ ಬರುವ ತನಕ ಬಿಸಿಮಾಡಿ, ಇನ್ನೊಂದು ತಣ್ಣಗಿರಲಿ. ಎರಡರ ಮೇಲೂ ಒಂದೇ ತೂಕದ, ಒಂದೇ ದಪ್ಪದ ಹಿಟ್ಟನ್ನು ಹಾಕಿ, ಒಂದೇ ಕ್ಷಣದಲ್ಲಿ ಒಳಗಿಟ್ಟು, ಒಂದೇ ಕ್ಷಣದಲ್ಲಿ ಹೊರತೆಗೆಯಿರಿ. ಆರಿದ ಮೇಲೆ ಬಿಲ್ಲೆಗಳನ್ನು ಲಂಬವಾಗಿ ಕೊಯ್ದು ಹಸಿಯಾಗಿ ಉಳಿದ ಪದರವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಎರಡರ ಮೇಲಿನ ಬಣ್ಣವನ್ನೂ ಹೋಲಿಸಿ. ಬಣ್ಣದಲ್ಲಿ ಕಾಣದ ಅಂತರ ತಳದಲ್ಲಿ ಎಷ್ಟಿದೆಯೆಂಬುದು ಆಗ ಮಿಲಿಮೀಟರುಗಳಲ್ಲಿ ತಿಳಿಯುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳನ್ನು ಹರಡಿ, ಮೊದಲೇ ಕಾಯಿಸಿ, ಅದರೊಳಗೆ ಬಟ್ಟಲನ್ನಿಟ್ಟು ಮುಚ್ಚಿ ಬೇಯಿಸಬಹುದು. ಮೇಲಿನಿಂದ ಶಾಖ ಬೀಳದಿರುವುದರಿಂದ ಹೊಂಬಣ್ಣ ಅಷ್ಟಾಗಿ ಬಾರದು; ಆದರೆ ತಳ ಚೆನ್ನಾಗಿ ಬೇಯುವುದು. ಇದಕ್ಕೆ ಕಾರಣವೇನೆಂಬುದನ್ನು ವಾಚಕರು ಈಗ ತಾವೇ ಹೇಳಬಲ್ಲರು. ಪೀಚ್ ದೊರೆಯದ ಊರಿನಲ್ಲಿ ಗಟ್ಟಿ ತಿರುಳಿನ ಮಾವಿನ ಹೋಳುಗಳಿಂದಲೂ ಈ ಪ್ರಯೋಗವನ್ನು ಮಾಡಬಹುದು. ಮಾವು ಸಿಹಿಯಾಗಿದ್ದರೆ ನಿಂಬೆರಸವನ್ನು ಸ್ವಲ್ಪ ಹೆಚ್ಚಿಸಿದರಾಯಿತು. ಆದರೆ ಯಾವ ಹಣ್ಣಾದರೂ ಸರಿಯೆ, ಅಳತೆಗಳನ್ನೆಲ್ಲ ಬರೆದುಕೊಂಡು ಮುಗಿಸಿದ ಮೇಲೆಯೇ ತಿನ್ನತಕ್ಕದ್ದು.